ಗೆಮಿಂಗಾದ ಎಲೆಕ್ಟ್ರಾನ್ ನಮ್ಮ ತನಕ ಬರುತ್ತಾ? ಲೆಕ್ಕ ಹಾಕಿ ನೋಡಿದೆ

ಗೆಮಿಂಗಾ ಒಂದು ಪಲ್ಸಾರ್, ಅಂದರೆ ಗಿರ್ರನೆ ತಿರುಗುವ ಸತ್ತ ನಕ್ಷತ್ರ. ಅದರಿಂದ ಹೊರಟ ಎಲೆಕ್ಟ್ರಾನ್ ಭೂಮಿಯ ತನಕ ಬಂದೀತೇ ಎಂಬುದು ನನ್ನ ಪ್ರಶ್ನೆ. ಬೀದರ್‌ನಲ್ಲಿ ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವ ನನ್ನ ಹತ್ತಿರ ಡಿಟೆಕ್ಟರ್ ಇಲ್ಲ. ಇರುವುದು ಲ್ಯಾಪ್‌ಟಾಪ್, ಎಕ್ಸೆಲ್. ಪಲ್ಸಾರ್‌ಗಳ ಅಂಕಿಅಂಶ ಮಾತ್ರ ಆಸ್ಟ್ರೇಲಿಯಾದ ಎಟಿಎನ್‌ಎಫ್ (ರೇಡಿಯೊ ದೂರದರ್ಶಕ ಸಂಸ್ಥೆ) ಕ್ಯಾಟಲಾಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಷ್ಟು ಸಾಕು.

ಬಾಹ್ಯಾಕಾಶದಿಂದ ಬರುವ ಕಣಗಳಾದ ಕಾಸ್ಮಿಕ್ ಕಿರಣಗಳಲ್ಲಿ ಪಾಸಿಟ್ರಾನ್‌ಗಳ (ಧನ ವಿದ್ಯುದಂಶದ ಎಲೆಕ್ಟ್ರಾನ್) ಪಾಲು, ಶಕ್ತಿ 10 ಜಿಇವಿ (ಕಣದ ಶಕ್ತಿಯ ಅಳತೆ) ದಾಟಿದ ಮೇಲೆ ಇಳಿಯಬೇಕಿತ್ತು. ಏರುತ್ತಿದೆ ಎಂದು 2009ರಲ್ಲಿ ಉಪಗ್ರಹದ ಮೇಲಿನ ಪಮೇಲಾ ಉಪಕರಣ ತೋರಿಸಿತು, 2013ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎಎಂಎಸ್ ಉಪಕರಣ ಹೌದೆಂದಿತು. ಪಲ್ಸಾರ್ ಎಲೆಕ್ಟ್ರಾನ್-ಪಾಸಿಟ್ರಾನ್‌ಗಳನ್ನು ಜೋಡಿಯಾಗಿಯೇ ಹುಟ್ಟಿಸುತ್ತದೆ. ಅನುಮಾನ ಅದರ ಮೇಲೆ ಹೋಗಿದ್ದು ಸಹಜ, ಅಲ್ವಾ?

ಮೊದಲು ಆಯುಷ್ಯದ ಲೆಕ್ಕ, ಪಾಸಿಟ್ರಾನ್‌ಗೂ ಇದೇ. ಎಲೆಕ್ಟ್ರಾನ್ ದುಂದುಗಾರ ಇದ್ದ ಹಾಗೆ, ಶಕ್ತಿ ಎರಡು ಪಟ್ಟಾದರೆ ಖರ್ಚು ನಾಲ್ಕು ಪಟ್ಟು. 1 ಟಿಇವಿ (1,000 ಜಿಇವಿ) ಎಲೆಕ್ಟ್ರಾನ್ ಸುಮಾರು 3 ಲಕ್ಷ ವರ್ಷದಲ್ಲಿ ಬರಿಗೈ. ಅಷ್ಟರಲ್ಲಿ ಅದು ಅಲೆದಾಡಿ ಮುಟ್ಟುವ ದೂರ ನನ್ನ ಹಾಳೆಯಲ್ಲಿ ಸುಮಾರು 3,500 ಜ್ಯೋತಿರ್ವರ್ಷ ಬಂತು. ಅಂದರೆ ಮೂಲ ಹತ್ತಿರವೇ ಇರಬೇಕು.

ಆಮೇಲೆ ಗೆಮಿಂಗಾ. ತಿರುಗುವ ಅವಧಿ 0.237 ಸೆಕೆಂಡ್. ಅದನ್ನು ಅವಧಿ ಹೆಚ್ಚುವ ದರದ ಎರಡರಷ್ಟರಿಂದ ಭಾಗಿಸಿದರೆ ವಯಸ್ಸು 3.4 ಲಕ್ಷ ವರ್ಷ. ದೂರ ಸುಮಾರು 800 ಜ್ಯೋತಿರ್ವರ್ಷ. ಹುಟ್ಟಿದಾಗ ಹೊರಟ ಕಣಗಳು ಈಗ ಹೆಚ್ಚೆಂದರೆ 1 ಟಿಇವಿ ಆಸುಪಾಸು ಉಳಿದಿರಬೇಕು. ಮೊನೊಜೆಮ್ ಎಂಬ ಇನ್ನೊಂದು ಪಲ್ಸಾರ್‌ಗೆ ವಯಸ್ಸು 1.1 ಲಕ್ಷ, ಹಾಗಾಗಿ ಮಿತಿ 3 ಟಿಇವಿ ಹತ್ತಿರ. ವೇಲಾ ಪಲ್ಸಾರ್ ಬರೀ 11,000 ವರ್ಷದ್ದು. ಅದರ 1 ಟಿಇವಿ ಕಣಗಳಿಗೆ ನಮ್ಮ ತನಕ ಬರಲು ಟೈಮೇ ಸಾಕಾಗಿಲ್ಲ.

ಗೆಮಿಂಗಾ ಬೀದರ್‌ನ ನೆತ್ತಿಯ ಮೇಲೇ ಹಾಯುತ್ತದೆ. ನಮ್ಮ ಅಕ್ಷಾಂಶ 17.9 ಡಿಗ್ರಿ, ಅದರ ಡಿಕ್ಲಿನೇಶನ್ (ಆಕಾಶದ ಅಕ್ಷಾಂಶ) 17.8. ಇದನ್ನು ಹೇಳಿದಾಗ ಹುಡುಗನೊಬ್ಬ ಕೇಳಿದ: "ಸರ್, ಹಂಗಿದ್ರ ನಮಗ ಜಾಸ್ತಿ ಎಲೆಕ್ಟ್ರಾನ್ ಬರ್ತಾವೇನ್ರಿ?" ಇಲ್ಲಪ್ಪ. ಕಾಂತಕ್ಷೇತ್ರದಲ್ಲಿ ಸುತ್ತಿ ಸುತ್ತಿ ಅವು ದಿಕ್ಕನ್ನೇ ಮರೆತಿರುತ್ತವೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಗೆಮಿಂಗಾವೇ ಮೂಲ ಅಂದುಬಿಡಬಹುದಿತ್ತು. ಆದರೆ 2017ರಲ್ಲಿ ಮೆಕ್ಸಿಕೋದ ಹಾಕ್ ವೀಕ್ಷಣಾಲಯ ಗೆಮಿಂಗಾ, ಮೊನೊಜೆಮ್ ಎರಡರ ಸುತ್ತಲೂ ಗಾಮಾ ಕಿರಣಗಳ ಪ್ರಭೆ ಕಂಡಿತು. ಅಲ್ಲಿ ಕಣಗಳು ಹರಡುವ ವೇಗ ನಾವು ಅಂದುಕೊಂಡಿದ್ದಕ್ಕಿಂತ ನೂರು ಪಟ್ಟು ಕಮ್ಮಿ. ಹರಡುವಿಕೆಯ ಆ ಒಂದು ಸೆಲ್‌ನಲ್ಲಿ ಎರಡು ಸೊನ್ನೆ ಅಳಿಸಿದೆ. ದೂರದ ಸೂತ್ರದಲ್ಲಿ ಅದರ ವರ್ಗಮೂಲ ಇರುವುದರಿಂದ ಕಣ ಮುಟ್ಟುವ ದೂರ ಹತ್ತು ಪಟ್ಟು ಕುಗ್ಗಿ 350ಕ್ಕೆ ಬಂತು. ಗೆಮಿಂಗಾ ಇರುವುದು 800ರಲ್ಲಿ! ಬೇರೆ ಯಾವ ಸೆಲ್ ತಿದ್ದಿದರೂ ಉತ್ತರ ಹೀಗೆ ಪಲ್ಟಿ ಹೊಡೆಯಲಿಲ್ಲ.

ಆದರೂ ನನ್ನ ಒಲವು ಪಲ್ಸಾರ್ ಕಡೆಗೇ. ಕಣಗಳ ಆ ನಿಧಾನಗತಿ ಪಲ್ಸಾರ್ ಸುತ್ತಲಿನ ಜಾಗಕ್ಕಷ್ಟೇ ಸೀಮಿತವಾಗಿ, ಆಚೆ ದಾರಿ ಸಲೀಸಾಗಿದ್ದರೆ, ಕಣಗಳು ಬರಬಹುದು. ಎರಡು ವಲಯಗಳ ಈ ಲೆಕ್ಕ ಎಕ್ಸೆಲ್‌ಗೆ ಬಗ್ಗಲ್ಲ. ಈಗ ಪೈಥಾನ್‌ನಲ್ಲಿ ಬರೆಯುತ್ತಿದ್ದೇನೆ, ಆ ಹುಡುಗನನ್ನೂ ಜೊತೆಗೆ ಕೂರಿಸಿಕೊಂಡು.