ಜಗ್ಗದ ಬಿಪಿಗೆ ಅರವತ್ತು ಸೆಕೆಂಡ್ ಬಿಸಿ

"ಸಾರ್, ಸೊಂಟ ಉರೀತಿದೆ!" ಅಂತ ಕೂಗಿದವರೇ ಕಾಲೆಳೆದುಕೊಂಡರು. ಕಿಡ್ನಿಯ ರಕ್ತನಾಳದಲ್ಲಿ ಕೂರಿಸಿದ್ದ ಕ್ಯಾಥೆಟರ್, ಅಂದರೆ ತೆಳು ಕೊಳವೆ, ಜರುಗಿಬಿಟ್ಟಿತು. ಮಾತ್ರೆಗೆ ಜಗ್ಗದ ಬಿಪಿ ಇಳಿಸಲು ಆ ನಾಳದ ಸುತ್ತಲಿನ ನರಗಳನ್ನು ಬಿಸಿಯಿಂದ ಸುಡುವ ಚಿಕಿತ್ಸೆ ಇದು; ಹೆಸರು ರೀನಲ್ ಡಿನರ್ವೇಷನ್. ತಪ್ಪು ನನ್ನದೇ. ಮಂಪರಿನ ಔಷಧಿ ಸರಿಯಾಗಿ ಹಿಡಿಯುವ ಮೊದಲೇ ಬಿಸಿ ಕೊಟ್ಟಿದ್ದೆ. ನಾವು ಸುಡಲು ಹೊರಟ ನರಗಳ ಜೊತೆಯಲ್ಲೇ ನೋವಿನ ನರಗಳೂ ಇರುತ್ತವಲ್ವಾ! ನಿಲ್ಲಿಸಿ, ಐದು ನಿಮಿಷ ಕಾದು, ಮತ್ತೆ ಶುರು ಮಾಡಿದೆ.

ಅವರು ಮಲೆನಾಡಿನ ಅಡಿಕೆ ಬೆಳೆಗಾರರು. ನಾಲ್ಕು ಬಗೆಯ ಮಾತ್ರೆ ನುಂಗಿದರೂ ಬಿಪಿ 178/104. ಹಾಗಂತ ಕಂಡ ಕೂಡಲೇ ಕ್ಯಾಥೆಟರ್ ಹಿಡಿಯುವುದಲ್ಲ. ಮೊದಲು ಮಾತ್ರೆಗಳ ಚೀಲ ತರಿಸಿ ಮೇಜಿನ ಮೇಲೆ ಸುರಿಸಿದೆ. ಅದರಲ್ಲೊಂದು ಮಂಡಿನೋವಿನ ಶೀಟು. "ಅದು ಸುಮ್ನೆ, ಮೆಡಿಕಲ್ ಶಾಪಲ್ಲಿ ತಗೊಂಡಿದ್ದು" ಅಂದರು. ಸುಮ್ನೆ ಏನಲ್ಲ, ಅಂಥ ಮಾತ್ರೆ ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸುತ್ತದೆ. ಬಿಡಿಸಿದೆ. ಸ್ವಲ್ಪ ಇಳಿಯಿತು, ಸಾಲಲಿಲ್ಲ. ಬಿಪಿ ಏರಿಸಬಲ್ಲ ಆಲ್ಡೋಸ್ಟೀರಾನ್ ಹಾರ್ಮೋನು ಸರಿಯಿತ್ತು, ಗೊರಕೆಯ ಕಾಯಿಲೆಯೂ ಇರಲಿಲ್ಲ. ಸ್ಪೈರೊನೊಲ್ಯಾಕ್ಟೋನ್ ಎಂಬ ಬಿಪಿ ಮಾತ್ರೆ ಕೊಟ್ಟರೆ ಮೊಲೆ ಊದಿಕೊಂಡು ನೋವು; ಹೆಂಡತಿಗೂ ಹೇಳದೆ ಒಂದು ತಿಂಗಳು ತಡೆದುಕೊಂಡಿದ್ದರು ಪಾಪ. ತೋಳಿಗೆ ಕಟ್ಟಿದ 24 ಗಂಟೆಯ ಯಂತ್ರ ನಿದ್ದೆಯಲ್ಲೂ 150 ದಾಟಿ ತೋರಿಸಿದ ಮೇಲೆಯೇ ನಾನು ಒಪ್ಪಿದ್ದು.

ತೊಡೆಸಂದಿಯಿಂದ ಹೋದ ಕ್ಯಾಥೆಟರ್‌ನ ತುದಿ ನಾಳದೊಳಗೆ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಬಿಸಿ ಕೊಡುವ 4 ಎಲೆಕ್ಟ್ರೋಡ್. ಒಂದು ಸಲಕ್ಕೆ 60 ಸೆಕೆಂಡ್ ಬಿಸಿ. ಮೆದುಳು, ಕಿಡ್ನಿಗಳ ನಡುವೆ "ಒತ್ತಡ ಏರಿಸು" ಅಂತ ಸುದ್ದಿ ಒಯ್ಯುವ ನರಗಳು ನಾಳದ ಹೊರಮೈಯಲ್ಲಿ ಹಬ್ಬಿರುತ್ತವೆ. ಅವು ಸಾಯಬೇಕು, ನಾಳ ಉಳಿಯಬೇಕು.

ನನಗೆ ಕಷ್ಟ ಅನ್ನಿಸುವುದು ಮುಂದಿನದು. ಸ್ಟೆಂಟ್ ಹಾಕಿದರೆ ರಕ್ತ ಹರಿಯುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಮೊದಲಿನ ಚಿತ್ರ, ಆಮೇಲಿನ ಚಿತ್ರ ಎರಡೂ ಒಂದೇ. ನರ ಸತ್ತಿತೋ ಇಲ್ಲವೋ, ಚಿಕಿತ್ಸೆಯ ಮೇಜಿನ ಮೇಲಂತೂ ತಿಳಿಯದು. 2014ರ ಸಿಂಪ್ಲಿಸಿಟಿ ಎಚ್‌ಟಿಎನ್-3 ಅಧ್ಯಯನದಲ್ಲಿ ಚಿಕಿತ್ಸೆ ಪಡೆದವರ ಮೇಲಿನ ಬಿಪಿ ಸುಮಾರು 14 ಇಳಿದರೆ, ನರ ಸುಡದೆ ಬರೀ ನಾಟಕದ ಚಿಕಿತ್ಸೆ ಪಡೆದವರದೂ ಸುಮಾರು 12 ಇಳಿದಿತ್ತು! ಆಗ ಈ ಚಿಕಿತ್ಸೆಯ ಕಥೆ ಮುಗಿಯಿತು ಅಂದವರಲ್ಲಿ ನಾನೂ ಒಬ್ಬ. ಹೊಸ ಕ್ಯಾಥೆಟರ್‌ಗಳ ಅಧ್ಯಯನಗಳು ಬಂದ ಮೇಲೆ, 2023ರ ನವೆಂಬರಿನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು.

ಮರುದಿನ ಬಿಪಿ ಇದ್ದಷ್ಟೇ ಇತ್ತು. ಅವರ ಮುಖ ಸಣ್ಣಗಾಯಿತು. ಆರು ತಿಂಗಳಿಗೆ 144/88. "ಮಾತ್ರೆ ಎಲ್ಲಾ ಬಿಡಬಹುದಾ?" ಅಂದರು. ಬಿಡಲಾಗದು ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗಲೇ ಹೇಳಿದ್ದೆ. ಒಂದನ್ನು ಮಾತ್ರ ತೆಗೆದೆ. ಚೀಲ ಮತ್ತೆ ಸುರಿಸಿ ನೋಡಿದೆ. ಮಂಡಿನೋವಿನ ಶೀಟು ಇರಲಿಲ್ಲ.