ಹಾಸ್ಯಗಾರರ ಬಾಯಿ ಬಿಡಿಸಲು ಚೌಕಿಗೇ ಹೋಗಬೇಕು

ಯಕ್ಷಗಾನ ಕಲಾವಿದರ ಸಂದರ್ಶನಕ್ಕೆ ಮಳೆಗಾಲವೇ ಸರಿ, ಆಗ ಮನೆಯಲ್ಲಿ ಸಿಗುತ್ತಾರೆ ಅಂತ ಶಿರಸಿಯ ನಮ್ಮ ಪತ್ರಕರ್ತ ಗೆಳೆಯರ ನಂಬಿಕೆ. ವೇಷಧಾರಿಗಳಿಗೆ ಸರಿ ಇರಬಹುದು. ಹಾಸ್ಯಗಾರರಿಗೆ ಆಗುವುದಿಲ್ಲ.

ನಾನು ಚಿಕ್ಕಂದಿನಿಂದ ಮೆಚ್ಚಿದ ಹಾಸ್ಯಗಾರರು ಹೊನ್ನಾವರ ಕಡೆಯವರು. ದೇವಿಮನೆ ಘಾಟಿ ಇಳಿದು ಅವರ ಮನೆಗೆ ಎಷ್ಟೋ ಸಲ ಹೋಗಿದ್ದೆ. ಹೋಗಿ ಬರಲು 160 ಕಿ.ಮೀ. ಹತ್ತಿರ, ಪೆಟ್ರೋಲಿಗೇ 300 ರೂಪಾಯಿ. ಹೆಸರಾಂತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದ ಸಂಭ್ರಮವನ್ನು ಎರಡೆರಡು ಸಲ ಹೇಳಿದರು. ಇನ್ನೊಬ್ಬ ದೊಡ್ಡ ಕಲಾವಿದ ಕೆರೆಮನೆ ಶಂಭು ಹೆಗಡೆಯವರ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ತಮ್ಮ ಬಗ್ಗೆ ಕೇಳಿದರೆ, "ನಮ್ಮದೇನಿದೆ, ಊಟ ಮಾಡಿ." ಊಟಕ್ಕೆ ಅಪ್ಪೆಹುಳಿ, ಮಾವಿನಕಾಯಿಯ ತಿಳಿ ಹುಳಿ. ಅದನ್ನು ಎರಡು ಲೋಟ ಕುಡಿದ ಮೇಲೆ ಅವರೂ ಮಲಗಿದರು, ನಾನೂ ಮಲಗಿದೆ.

ಹಾಸ್ಯಗಾರನಿಗೆ ಪದ್ಯ ಕಡಿಮೆ. ಮಾತು ಅಲ್ಲಲ್ಲೇ ಹುಟ್ಟಬೇಕು. ಜಗಲಿಯಲ್ಲಿ ಕೂರಿಸಿ "ಹೇಗೆ ನಗಿಸುತ್ತೀರಿ" ಅಂದರೆ ಏನು ಹೇಳಿಯಾರು? ಅದಕ್ಕೇ ಮೇಳ ತಿರುಗಾಟಕ್ಕೆ ಹೊರಟ ಮೇಲೆ ನೇರ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಬಿಡಾರಕ್ಕೆ ಹೋದೆ. "ಬಣ್ಣ ಹಚ್ಚುವಾಗ ಮಾತಾಡ್ತಾರಾ? ಸುಮ್ನೆ ಬೈಸಿಕೊಂಡು ಬರ್ತೀಯ" ಅಂತ ಗೆಳೆಯರೆಲ್ಲ ನಕ್ಕಿದ್ದರು.

ಮಾತಾಡಿದರು! ಕೈಗೆ ಕೆಲಸ ಇದ್ದರೆ ಮನುಷ್ಯ ಸಲೀಸಾಗಿ ಮಾತಾಡುತ್ತಾನೆ. ಅಲ್ಲದೆ ಹಾಸ್ಯಗಾರರ ಬಣ್ಣ ಬೇಗ ಮುಗಿಯುತ್ತದೆ. ದೂತ, ಬ್ರಾಹ್ಮಣ, ಅಗಸ ಅಂತ ರಾತ್ರಿಯಿಡೀ ಪಾತ್ರಗಳಿದ್ದರೂ ನಡುವೆ ಬಿಡುವು ಜಾಸ್ತಿ. ಅವರ ಬಗ್ಗೆ ನಾನು ಕೇಳಲೇ ಇಲ್ಲ. ಹಿಂದಿನವರು ಕಂಸವಧೆಯ ಅಗಸನನ್ನು ಹೇಗೆ ಮಾಡುತ್ತಿದ್ದರು ಅಂತ ಕೇಳಿದೆ. ಎದ್ದು ನಿಂತು ಮಾಡಿಯೇ ತೋರಿಸಿದರು. ಆಮೇಲೆ "ನಾನು ಹಾಗೆ ಮಾಡೋದಿಲ್ಲ" ಅಂದರು. ನನಗೆ ಬೇಕಿದ್ದದ್ದು ಆ ಮಾತೇ.

ಹಣೆಗೆ ಬಣ್ಣ ಎಳೆಯುತ್ತಲೇ ಕನ್ನಡಿಯಲ್ಲಿ ನನ್ನ ಅಂಗಿ ನೋಡಿದರು. ಜೇಬಿನ ಹತ್ತಿರ ಪೆನ್ನಿನ ಮಸಿ ಸೋರಿತ್ತು. ಏನೂ ಅನ್ನಲಿಲ್ಲ. ಆಮೇಲೆ ರಂಗದಲ್ಲಿ ಕೃಷ್ಣ ಬಟ್ಟೆ ಕೇಳಿದಾಗ ಅವರ ಅಗಸ ಗಂಟು ಬಿಚ್ಚಿ ಒಂದನ್ನು ಎತ್ತಿ ಹಿಡಿದ: "ಇದು ಬೇಡ ಸ್ವಾಮಿ, ಪೇಪರಿನವರದ್ದು. ಎಷ್ಟು ಒಗೆದರೂ ಮಸಿ ಹೋಗುವುದಿಲ್ಲ, ಕೂಲಿಯೂ ಕೊಡುವುದಿಲ್ಲ." ಜನ ಬಿದ್ದು ಬಿದ್ದು ನಕ್ಕರು. ಹಾಡುವ ಭಾಗವತರೂ ತಾಳ ತಡೆದು ನಕ್ಕರು. ಹಾಸ್ಯ ಹೇಗೆ ಹುಟ್ಟುತ್ತದೆ ಅಂತ ಅವರು ಕೊಟ್ಟ ಉತ್ತರ ಅದು. ನನ್ನ ಲೇಖನ ಶುರುವಾದದ್ದೂ ಅಲ್ಲಿಂದಲೇ.

ಚಂಡೆಯ ಸದ್ದಿನದ್ದೇ ದೊಡ್ಡ ರಗಳೆ. 4,000 ರೂಪಾಯಿ ಕೊಟ್ಟ ರೆಕಾರ್ಡರಿನಲ್ಲಿ ಮೊದಲ ರಾತ್ರಿ ಚಂಡೆ ಬಿಟ್ಟು ಏನೂ ಕೇಳಲಿಲ್ಲ. ಜೇಬಿನಲ್ಲಿಟ್ಟರೆ ಬಟ್ಟೆಯ ಸರಸರ. ಕೊನೆಗೆ ವೇಷದ ಪೆಟ್ಟಿಗೆಯ ಸಂದಿಯಲ್ಲಿ ಹಳೆ ಸೀರೆ ಸುತ್ತಿ, ಮೈಕಿನ ಬಾಯಿ ಅವರ ಕಡೆ ಮಾಡಿಟ್ಟೆ. ಮುಕ್ಕಾಲು ಪಾಲು ಸಿಕ್ಕಿತು. ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆಯಲ್ಲೂ ಹೀಗೇ ಮಾತಾಡಿಸಿ ನೋಡಿದೆ. ಅಲ್ಲಿ ಬಣ್ಣವೂ ಇಲ್ಲ, ಚೌಕಿಯೂ ಇಲ್ಲ, ಮತ್ತೆ "ಊಟ ಮಾಡಿ" ಶುರುವಾಯಿತು.

ಒಟ್ಟು ಖರ್ಚು ರೆಕಾರ್ಡರ್ ಬಿಟ್ಟು 2,000ದ ಆಸುಪಾಸು. ಪತ್ರಿಕೆ ಕೊಟ್ಟದ್ದು 600, ಅದೂ ಮೂರು ತಿಂಗಳ ಮೇಲೆ. ಆದರೆ ಆ ವರ್ಷ ನನ್ನ ಬೇರೆ ಯಾವ ಬರಹಕ್ಕೂ ಅಷ್ಟು ಫೋನ್ ಬಂದಿರಲಿಲ್ಲ. ನಕ್ಕವರೇ ಈಗ "ಯಾವ ಚೌಕಿ, ಎಷ್ಟು ಹೊತ್ತಿಗೆ ಹೋಗೋದು" ಅಂತ ಕೇಳುತ್ತಾರೆ. ಡೆಸ್ಕಿನವರು ಇನ್ನೊಬ್ಬ ಹಾಸ್ಯಗಾರರನ್ನು ಹಿಡಿಯಿರಿ ಅಂದಿದ್ದಾರೆ. ಮೇಳ ಹೊರಡಲಿ, ಪೆಟ್ರೋಲ್ ದುಡ್ಡು ಮುಂಗಡ ಬರಲಿ, ನೋಡೋಣ ಅಂದಿದ್ದೇನೆ.