ಐತಾರ ಮಕ್ಕಳನ್ನು ಹೊರಗೆ ಕರ್ಕೊಂಡು ಹೋಗೋದು ಹಿಂಗಲ್ಲ

ದಸರೆಗೆ ಬನ್ನಿ ಕೊಟ್ಟು ತಗೊಂಡು ಆದ ಮೇಲೆ ನಮ್ಮ ಕಡೆ ಹೊರಗೆ ತಿರುಗಾಡುವ ಕಾಲ ಶುರುವಾಗುತ್ತದೆ. ಮಳೆ ಹಿಂದೆ ಸರಿದಿರುತ್ತದೆ. ತೊಗರಿ ಹೊಲ ಹಳದಿ ಹೂ ಬಿಟ್ಟು ನಿಂತಿರುತ್ತದೆ. ಚಳಿ ಇನ್ನೂ ಬಂದಿರುವುದಿಲ್ಲ. ಸಣ್ಣ ಮಕ್ಕಳಿದ್ದವರಿಗೆ ಇದಕ್ಕಿಂತ ಒಳ್ಳೆ ದಿನಗಳು ಸಿಗುವುದಿಲ್ಲ. ಆದರೆ ಈಗಿನ ತಂದೆ ತಾಯಿಗಳು ಹೋಗುವ ರೀತಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಐತಾರ ಒಂಬತ್ತಕ್ಕೆ ಏಳುತ್ತಾರೆ, ಹನ್ನೊಂದಕ್ಕೆ ಕಲಬುರಗಿ ಬಿಡುತ್ತಾರೆ, ಸುಡು ಬಿಸಿಲಲ್ಲಿ ಬೀದರ್ ಕೋಟೆ ಮುಟ್ಟುತ್ತಾರೆ. ಅಲ್ಲಿಂದ ಅಷ್ಟೂರಿನ ಗುಮ್ಮಟ, ಅಲ್ಲಿಂದ ಇನ್ನೊಂದು ಕಡೆ. ಕೂಸಿಗೆ ಮೂರು ವರ್ಷ. ಅದಕ್ಕೆ ಒಂದೇ ದಿನ ಮೂರು ಜಾಗ ಯಾಕೆ ಬೇಕು? ಅದು ಕೋಟೆ ನೋಡುವುದಿಲ್ಲ. ಅಲ್ಲಿ ಬಿದ್ದಿರುವ ಒಂದು ಕಲ್ಲು, ಒಂದು ಇರುವೆ ಸಾಲು ನೋಡುತ್ತದೆ.

ಒಂದು ದಿನಕ್ಕೆ ಒಂದೇ ಜಾಗ. ಬೆಳಗ್ಗೆ ಬೇಗ ಬಿಡಬೇಕು, ಬಿಸಿಲೇರುವುದರೊಳಗೆ ಆಡಿ ಮುಗಿಸಬೇಕು, ನೆರಳಲ್ಲಿ ಉಂಡು ವಾಪಸ್ ಬರಬೇಕು. ದೀಪಾವಳಿವರೆಗೂ ನಮ್ಮಲ್ಲಿ ಹಗಲು 30 ಡಿಗ್ರಿ ದಾಟುತ್ತದೆ ಅನ್ನುವುದು ಮರೆಯಬೇಡಿ. ದೂರ ಹೋಗಲೇಬೇಕು ಅಂತೇನೂ ಇಲ್ಲ. ಕಲಬುರಗಿಯವರಿಗೆ ಊರೊಳಗೇ ಕೋಟೆ ಇದೆ. ಅಲ್ಲಿನ ಜಾಮಿ ಮಸೀದಿ 1367ರದ್ದು. ಬೇರೆ ಕಡೆಯ ಹಾಗೆ ತೆರೆದ ಅಂಗಳ ಇಲ್ಲ, ಪೂರ್ತಿ ಮೇಲ್ಮುಚ್ಚಿಗೆ. ಒಳಗೆ ಕಾಲಿಟ್ಟರೆ ತಂಪು. ಕಮಾನಿನ ಸಾಲಲ್ಲಿ ಮೆಲ್ಲಗೆ ಎಣಿಸುತ್ತಾ ನಡೆ ಅಂದರೆ ಮಗು ಅರ್ಧ ತಾಸು ಅದರಲ್ಲೇ ಇರುತ್ತದೆ. ಸುರಪುರ ಕಡೆಯವರಿಗೆ ಬೋನಾಳ ಕೆರೆ ಇದೆ. ಚಳಿ ಶುರುವಾಗುತ್ತಿದ್ದ ಹಾಗೆ ಹೊರಗಿನ ಹಕ್ಕಿಗಳು ಬರುತ್ತವೆ. ಯಾದಗಿರಿ ಬೆಟ್ಟದ ಕೋಟೆ ಚೆಂದವೇ, ಆದರೆ ಹತ್ತುವುದು ಕಾಲಲ್ಲಿ ಬಲ ಬಂದ ಮಕ್ಕಳಿಗೆ. ಎರಡು ವರ್ಷದ್ದನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿ, ಅರ್ಧ ದಾರಿಯಲ್ಲಿ ಹೆಂಡತಿ ಮೇಲೆ ರೇಗುವ ಗಂಡಸರನ್ನು ಬೇಕಾದಷ್ಟು ನೋಡಿದ್ದೇನೆ. ಬೀದರಿನ ಗುಹೆಯೊಳಗಿನ ಗುಡಿ ನರಸಿಂಹ ಝರಣಿಯಲ್ಲಿ ದೊಡ್ಡವರಿಗೇ ಎದೆಮಟ್ಟ ನೀರು ಬರುತ್ತದೆ. ಕೂಸನ್ನು ಕರ್ಕೊಂಡು ಹೋಗುವ ಜಾಗ ಅದಲ್ಲ.

ಭೀಮಾ ದಂಡೆ ವಿಷಯ ಬೇರೆ ಹೇಳಬೇಕು. ಗಾಣಗಾಪುರದ ಸಂಗಮಕ್ಕೆ ಹೋದವರು ಮಕ್ಕಳನ್ನು ನೀರಂಚಿಗೆ ಬಿಟ್ಟು ಫೋಟೋ ಹೊಡೆಯುತ್ತಾ ನಿಂತಿರುತ್ತಾರೆ. ಇಲ್ಲಿ ಮಳೆ ಇಲ್ಲವಲ್ಲ ಅಂತ ಧೈರ್ಯ. ಆ ಹೊಳೆ ನಮ್ಮ ಆಕಾಶ ನೋಡಿ ಹರಿಯುವುದಿಲ್ಲ ತಾಯಿ. ಮಹಾರಾಷ್ಟ್ರದಲ್ಲಿ ಮಳೆಯಾಗಿ ಉಜನಿ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ಬಿಸಿಲಿದ್ದರೂ ಏರುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಎಷ್ಟು ಹಳ್ಳಿಗಳೊಳಗೆ ನುಗ್ಗಿತು, ನೆನಪಿದೆ ಅಲ್ವಾ? ಕೈ ಹಿಡಿದುಕೊಂಡು ದರ್ಶನ ಮಾಡಿ, ಮೇಲೆ ಬಂದು ಕೂಡಿ.

ಇನ್ನು ಬುತ್ತಿ. ಕುರುಕುರೆ ಪಾಕೀಟು, ಬಿಸ್ಕೀಟು, ಬಣ್ಣದ ನೀರು ಕೊಟ್ಟು ಮಧ್ಯಾಹ್ನ ಮಗು ಯಾಕೆ ಅಳುತ್ತದೆ ಅಂತ ಕೇಳುತ್ತಾರೆ. ಹಸಿವಾಗಿ ಅಳುತ್ತದೆ! ಮಕ್ಕಳ ಜೊತೆ ಹೊರಗೆ ಹೋಗುವಾಗ ಧಪಾಟಿಯಂಥ ಬುತ್ತಿ ಇನ್ನೊಂದಿಲ್ಲ, ಅದೇ ಜೋಳದ ಹಿಟ್ಟಿಗೆ ಸೊಪ್ಪು ಮಸಾಲೆ ಕಲಸಿ ತಟ್ಟುವ ರೊಟ್ಟಿ. ಧಪಾಟಿ ನಿಮಗೆ ಬರುತ್ತದೆ, ಅದನ್ನೇನೂ ಹೇಳಿಕೊಡುವುದಿಲ್ಲ. ಮಕ್ಕಳಿಗೆ ಮಾಡುವುದು, ಕಟ್ಟುವುದು ಹೇಳುತ್ತೇನೆ. ಎಲ್ಲರೂ ಕೆಡಿಸುವುದು ಅಲ್ಲೇ.

ಜೋಳದ ಹಿಟ್ಟು ಈಚೆಗೆ ಬೀಸಿಸಿದ್ದೇ ಆಗಬೇಕು. ಹಳೆಯದಾದರೆ ಜಿಗಿ ಇರುವುದಿಲ್ಲ, ಅಂಚು ಒಡೆಯುತ್ತದೆ. ಅದಕ್ಕೆ ಒಂದು ಹಿಡಿ ಗೋಧಿ ಹಿಟ್ಟು, ಒಂದು ಹಿಡಿ ಕಡಲೆ ಹಿಟ್ಟು. ಅಜವಾನ ಅಂಗೈಯಲ್ಲಿ ತಿಕ್ಕಿ ಹಾಕಿ, ವಾಸನೆ ಮೂಗಿಗೆ ಬರಬೇಕು. ಬಿಳಿ ಎಳ್ಳು, ಜೀರಿಗೆ, ಅರಿಶಿನ, ಕಣ್ಣಿಗೆ ಕಾಣುವಷ್ಟೇ ಕಾರ. ಹಸಿ ಮೆಣಸಿನಕಾಯಿ ಬೇಡ, ಒಂದು ತುಂಡು ನಾಲಿಗೆಗೆ ಸಿಕ್ಕರೆ ಮಗು ಆ ಊಟ ಮುಟ್ಟುವುದಿಲ್ಲ. ಮೆಂತ್ಯೆ ಸೊಪ್ಪು ಹಿಂದಿನ ರಾತ್ರಿಯೇ ತೊಳೆದು ಬಟ್ಟೆ ಮೇಲೆ ಆರಿಸಿಡಿ. ನೀರು ಸೋರುವ ಸೊಪ್ಪು ಹೆಚ್ಚಿ ಹಾಕಿದರೆ ಹಿಟ್ಟು ಕೈಗೆ ಮೆತ್ತುತ್ತದೆ, ಆಮೇಲೆ ಹಿಟ್ಟು ಸುರಿಯುತ್ತೀರಿ, ಧಪಾಟಿ ಚಕ್ಕಳ ಆಗುತ್ತದೆ. ನಾದುವುದು ಮೊಸರಲ್ಲಿ, ಹುಳಿ ಬಾರದ ಮೊಸರು. ಸಾಲದಿದ್ದರೆ ಬಿಸಿನೀರು ಚಿಮುಕಿಸಿ.

ತಟ್ಟುವುದು ಬಟ್ಟೆ ಮೇಲೆ. ಪ್ಲಾಸ್ಟಿಕ್ ಹಾಳೆ ಮೇಲಲ್ಲ. ತೊಳೆದು ತೊಳೆದು ಮೆತ್ತಗಾದ ಹಳೆ ಧೋತರದ ತುಂಡು ಒದ್ದೆ ಮಾಡಿ ಹಿಂಡಿ, ಮಣೆ ಮೇಲೆ ಹಾಸಿ. ಬೆರಳು ನೀರಲ್ಲಿ ಅದ್ದಿ ನಡುವಿನಿಂದ ಅಂಚಿಗೆ ತಟ್ಟಿ. ಮಗುವಿನ ಅಂಗೈಯಷ್ಟೇ ಅಗಲ, ಅದಕ್ಕಿಂತ ದೊಡ್ಡದು ಬೇಡ. ದೊಡ್ಡದು ಮಾಡಿ ಹರಿದು ಕೊಟ್ಟರೆ ಅರ್ಧ ಮಣ್ಣಿಗೆ. ನಡುವೆ ಬೆರಳಿಂದ ಒಂದು ತೂತು. ಬಟ್ಟೆ ಸಮೇತ ಎತ್ತಿ ಕಾದ ಹಂಚಿನ ಮೇಲೆ ಮಗುಚಿ, ಬಟ್ಟೆ ಮೆಲ್ಲಗೆ ಬಿಡಿಸಿಕೊಳ್ಳಿ. ತೂತಿಗೆ ಒಂದು ಹನಿ, ಸುತ್ತ ಒಂದಿಷ್ಟು ಎಣ್ಣೆ. ಮೇಲೆ ತಾಟು ಮುಚ್ಚಿ ಬೇಯಿಸಿ, ಆಮೇಲೆ ತೆಗೆದು ತಿರುವಿ.

ಈಗ ಮುಖ್ಯ ಮಾತು. ಹಂಚಿನಿಂದ ಇಳಿಸಿದ್ದನ್ನು ಒಂದರ ಮೇಲೊಂದು ಪೇರಿಸಿ ಡಬ್ಬಿ ಮುಚ್ಚುತ್ತೀರಲ್ಲ, ಅಲ್ಲೇ ತಪ್ಪುವುದು. ಒಳಗೆ ಬೆವರು ಇಳಿದು ಕೆಳಗಿನವು ಹಸಿ ಹಿಟ್ಟಾಗುತ್ತವೆ. ಬಿದಿರಿನ ಬುಟ್ಟಿಯ ಒಳಗೋಡೆಗೆ ಒಂದೊಂದನ್ನೂ ಒರಗಿಸಿ ನಿಲ್ಲಿಸಿ. ಹಬೆ ಹೋಗಬೇಕು, ಬಿಸಿ ಮಾತ್ರ ಇರಬೇಕು. ಕೆನ್ನೆಗೆ ತಾಗಿಸಿ ನೋಡಿ, ಬೆಚ್ಚಗೆ ಅನ್ನಿಸಿದಾಗ ಕಟ್ಟುವ ಹೊತ್ತು. ಪೂರ್ತಿ ಆರಿಸಿದರೆ ಬಿರುಸಾಗುತ್ತವೆ, ಅದೂ ಬೇಡ. ಎಣ್ಣೆ ಜಾಸ್ತಿ ಹಿಡಿದ ಮೈ ಒಳಗಾಗುವ ಹಾಗೆ ಎರಡೆರಡು ಜೋಡಿ ಮಾಡಿ. ಜೋಡಿಗಳನ್ನು ಒಣ ಧೋತರದ ಬಟ್ಟೆಯಲ್ಲಿ ಸುತ್ತಿ, ತುದಿ ಮಡಚಿ, ಗಂಟು ಹಾಕದೆ ಬುಟ್ಟಿಯಲ್ಲೇ ಇಡಿ. ಬೆಳ್ಳಿ ಕಾಗದ ಬೇಡ, ಸ್ಟೀಲ್ ಡಬ್ಬಿ ಬೇಡ. ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನ ಬಿಚ್ಚಿದರೆ ಹಲ್ಲಿಲ್ಲದ ಮುದುಕಿಯೂ ತಿನ್ನಬೇಕು. ನಮ್ಮವ್ವ ಹೊಲಕ್ಕೆ ಹೀಗೇ ಕಟ್ಟುತ್ತಿದ್ದಳು. ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟು, ನಮ್ಮನ್ನು ಕಟಗಿ ಆರಿಸಲು ಓಡಿಸಿ, ಹಸಿವಾಗಿ ನಾವೇ ಬರುವತನಕ ಕರೆಯುತ್ತಿರಲಿಲ್ಲ. ಈಗ ತಾಯಂದಿರು ತುತ್ತು ಹಿಡಿದುಕೊಂಡು ಮಗುವಿನ ಹಿಂದೆ ಓಡುತ್ತಾರೆ.

ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಒಣದೇ ಒಯ್ಯಿರಿ, ಮೊಸರು ಅಲ್ಲಿ ಕಲಸಿ. ದಾರಿಯಲ್ಲಿ ಸೀತಾಫಲ ಮಾರುತ್ತಿರುತ್ತಾರೆ, ಕೊಳ್ಳಿ. ಆದರೆ ಬೀಜ ತೆಗೆದು ತಿರುಳು ಮಾತ್ರ ಕೊಡಿ. ಸಣ್ಣವರ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕಡಿದರೂ ಆ ಬೀಜ ವಿಷ.

ಕೂಡಲು ಹಳೆ ಕೌದಿ ಒಯ್ಯಿರಿ. ಕೌದಿ ಅಂದದ್ದಕ್ಕೆ ನೆನಪಾಯಿತು. ದಸರೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲಾ ತೊಳೆಯುತ್ತೀರಿ, ಸರಿ. ಒಂದೇ ಮಗ್ಗುಲು ಒಣಗಿಸಿ ಮಡಚಿ ಟ್ರಂಕಿಗೆ ತುಂಬಿದರೆ ಮುಗ್ಗಲು ವಾಸನೆ ಬರದೆ ಇನ್ನೇನು? ಕೌದಿ ದಪ್ಪ ಇರುತ್ತದೆ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಬೇಕು, ಮರುದಿನ ಮತ್ತೆ ಬಿಸಿಲು ತೋರಿಸಬೇಕು. ಬೇವಿನ ಎಲೆ ಇಡುವುದಾದರೆ ಒಣಗಿದ ಎಲೆ, ಹಸಿಯದು ಕಲೆ ಬಿಡುತ್ತದೆ.

ಹಾಸುವ ಮೊದಲು ಅಲ್ಲಿನ ಕಲ್ಲು ಕೋಲಿನಿಂದ ಸರಿಸಿ, ಕೆಳಗೆ ಚೇಳು ಇರುತ್ತದೆ. ಮಕ್ಕಳು ಬಿಚ್ಚಿಟ್ಟ ಶೂ ತಿರುಗಿ ಹಾಕುವಾಗ ಬೋರಲು ಮಾಡಿ ಝಾಡಿಸಿ. ಕೋಟೆಗಳ ಕಮಾನಿನ ಕೆಳಗೆ ಕೂಡುವ ಮುಂಚೆ ಕತ್ತೆತ್ತಿ ನೋಡಿ. ಹೆಜ್ಜೇನು ಕಟ್ಟಿದ್ದರೆ ಆ ಕಡೆ ಹಾಯಲೇಬೇಡಿ, ಕಲ್ಲು ಎಸೆಯುವ ಹುಡುಗರ ಕಿವಿ ಹಿಂಡಿ. ಬೀದರ್ ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹೊತ್ತು ಇಳಿದ ಕೂಡಲೇ ಗಾಳಿ ತಣ್ಣಗಾಗುತ್ತದೆ. ಕುಲಾಯಿ ಚೀಲದಲ್ಲಿರಲಿ. ಆ ಕೋಟೆಯ ಹಳೆ ಮಣ್ಣಿನಿಂದಲೇ ಬೆಳ್ಳಿ ಕುಸುರಿಯ ಬಿದ್ರಿ ಸಾಮಾನಿಗೆ ಕಪ್ಪು ಬರುತ್ತದೆ ಅಂತ ಮಕ್ಕಳಿಗೆ ಹೇಳಿ, ಮನೆಯಲ್ಲಿ ಬಿದ್ರಿ ಹೂದಾನಿ ಇದ್ದರೆ ಬಂದು ತೋರಿಸಿ. ಮೊಬೈಲ್ ಕೊಡುವುದಕ್ಕಿಂತ ಅದು ಮೇಲು.

ಮನೆಗೆ ಬಂದ ಮೇಲೆ ಬಿಸಿನೀರು ಹಾಕಿ. ಸಾಕ್ಸಿಗೆ, ಚಡ್ಡಿಯ ಹೊಲಿಗೆಗೆ ಉತ್ತರಾಣಿ ಕಾಳು ಅಂಟಿರುತ್ತವೆ, ತೊಳೆಯುವ ಮುಂಚೆ ಕಿತ್ತು ಹಾಕಿ, ಇಲ್ಲದಿದ್ದರೆ ವಾಷಿಂಗ್ ಮಷೀನಿನಲ್ಲಿ ಎಲ್ಲರ ಬಟ್ಟೆಗೂ ಹತ್ತುತ್ತವೆ. ಎರೆ ಮಣ್ಣು ಮೆತ್ತಿದ ಶೂ ಅವತ್ತೇ ನಲ್ಲಿ ಕೆಳಗೆ ಹಿಡಿಯಬೇಡಿ. ಹಸಿ ಎರೆ ತಿಕ್ಕಿದಷ್ಟೂ ಹರಡುತ್ತದೆ, ಮೋರಿಯೂ ಕಟ್ಟುತ್ತದೆ. ಎರಡು ದಿನ ಹೊರಗೆ ಬಿಟ್ಟು ಪೂರ್ತಿ ಒಣಗಿದ ಮೇಲೆ ಒಂದಕ್ಕೊಂದು ಬಡಿಯಿರಿ, ಹೆಂಟೆ ತಾನೇ ಉದುರುತ್ತದೆ. ಉಳಿದದ್ದಕ್ಕೆ ಹಳೆ ಬ್ರಷ್ ಸಾಕು.